ಹಾಡುವ ಸೊಳ್ಳೆಗೆ ಜೀವದಾನ ಕೋರಿ

ಗದಗ ಬಂದರು,
ಫೆಬ್ರವರಿ 30, 2914

ಪೂಜ್ಯ ಪೂರ್ವಜರೇ,

ತಾರೀಖು ಕಂಡು ಹುಬ್ಬೇರಿಸಬೇಡಿ. ಫೆಬ್ರವರಿಗೆ ದಿನ ಕಡಿಮೆ ಕೊಟ್ಟದ್ದು ಅನ್ಯಾಯವೆಂದು ನಾವು ಸರಿಪಡಿಸಿದ್ದೇವೆ. ಗದಗಿಗೆ ಸಮುದ್ರ ಮಾತ್ರ ತಾನಾಗಿಯೇ ಬಂತು. ನನ್ನ ಕನ್ನಡ ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮದೂ ನಮಗೆ ಹಾಗೆಯೇ.

ವಿಷಯ ಸೊಳ್ಳೆಯದು. ನಿಮ್ಮ ಕಾಲದಲ್ಲಿ ಅದು ಕಚ್ಚುವ ಮೊದಲು ಕಿವಿಯ ಬಳಿ ಹಾಡಿ ಅಪ್ಪಣೆ ಕೇಳುತ್ತಿತ್ತಂತೆ. ನೀವೋ, ಹಾಡಿದವಳನ್ನೆಲ್ಲ ಚಪ್ಪಟೆ ಮಾಡಿದಿರಿ. ದನಿ ಸಣ್ಣದಿದ್ದವಳು ತಪ್ಪಿಸಿಕೊಂಡು ಮೊಟ್ಟೆಯಿಟ್ಟಳು. ಅವಳ ಮಕ್ಕಳಲ್ಲಿ ಇನ್ನೂ ಸಣ್ಣ ದನಿಯವರು ಉಳಿದರು. ಯಾವ ಸೊಳ್ಳೆಯೂ ಯೋಚಿಸಿ ಮೌನವ್ರತ ಹಿಡಿದದ್ದಲ್ಲ. ಹಾಡುವವರು ಸತ್ತರು, ಅಷ್ಟೆ. ಒಂಬೈನೂರು ವರ್ಷ ನಿಮ್ಮ ಅಂಗೈ ಜರಡಿ ಹಿಡಿದು ಉಳಿಸಿಕೊಟ್ಟ ತಳಿಗೆ ನಾವು ‘ಮೌನಿ’ ಎನ್ನುತ್ತೇವೆ. ಅದು ಬಂದದ್ದೂ ತಿಳಿಯದು, ಹೋದದ್ದೂ ತಿಳಿಯದು. ಜ್ವರ ಬಂದಾಗ ತಿಳಿಯುತ್ತದೆ. ನನ್ನ ಮೊಮ್ಮಗಳು ಇಂಚರಳಿಗೆ ಈ ವರ್ಷ ಎರಡು ಸಲ ತಿಳಿಯಿತು.

ಹಳೆಯ ತಳಿ ಕಾಪಾಡುವ ನಮ್ಮೂರ ಸೊಳ್ಳೆಶಾಲೆಗೆ ನಾನೇ ಪಾಲಕ. ಅಲ್ಲಿ ಕೊನೆಯ ಹಾಡುಗಾತಿ ಒಬ್ಬಳಿದ್ದಳು. ಅವಳ ಸಂತಾನ ಬೆಳೆಸುವುದು, ಹಾಡಿದವಳಿಗೆ ಅಭಯ, ಮೌನಿಗೆ ಬಲೆ ಎಂದು ಠರಾವೂ ಆಗಿತ್ತು. ಮೊಟ್ಟೆಯಿಡಲು ಅವಳಿಗೆ ರಕ್ತದೂಟ ಬೇಕಷ್ಟೆ. ಊರ ಹಿರಿಯರಾದ ಚನ್ನವೀರಪ್ಪನವರು ತಮ್ಮ ತೊಡೆಯನ್ನೇ ಎಲೆಯಾಗಿ ಹಾಸಿದರು. ಊಟದ ಮುನ್ನ ಒಂದು ಕಛೇರಿಯೂ ಆಗಲೆಂದು ಊರೇ ಸೇರಿತು. ಅವಳು ಹಾಡಿದಳು. ಮುದುಕರು ಅತ್ತರು.

“ಭಲೇ ತಾಯಿ! ಏನ್ ದನಿ ಐತಿ!” ಎಂದರು ಚನ್ನವೀರಪ್ಪ.

ಹಾಡುವವರ ಎದುರು ತೊಡೆ ತಟ್ಟಿ ತಾಳ ಹಾಕದಿದ್ದರೆ ನಮ್ಮಲ್ಲಿ ಮರ್ಯಾದೆಯಲ್ಲ.

“ಅಜ್ಜಾ, ಕೈ ತಡೀರಿ! ಆಕಿ ಕುಂತಾಳ!” ಎಂದು ಇಂಚರ ಚೀರಿದಳು.

ಪೆಟ್ಟು ಸಮಕ್ಕೆ ಸರಿಯಾಗಿ ಬಿತ್ತು. ತಾಳ ಮಾತ್ರ ತಪ್ಪಲಿಲ್ಲ.

ಆದ್ದರಿಂದ ಬಿನ್ನಹ: ಹಾಡುತ್ತ ಬಂದವಳನ್ನು ಕಿಟಕಿಯಾಚೆ ಕಳಿಸಿ, ಪರದೆ ಎಳೆದುಕೊಳ್ಳಿ. ಹೊಡೆಯಲೇಬೇಕಿದ್ದರೆ ಸದ್ದಿಲ್ಲದೆ ಕೂತವಳನ್ನು ಹುಡುಕಿ ಹೊಡೆಯಿರಿ. ಕಷ್ಟವೆಂದು ಬಲ್ಲೆ, ನಾವು ದಿನವೂ ಅದನ್ನೇ ಮಾಡುತ್ತಿದ್ದೇವೆ.

ಈಗ ಮಟಮಟ ಮಧ್ಯಾಹ್ನ. ಇಂಚರ ಪಕ್ಕದಲ್ಲಿ ನಿದ್ದೆ ಹೋಗಿದ್ದಾಳೆ. ಒಂದು ಕೈಯಲ್ಲಿ ಬೀಸಣಿಗೆ, ಇನ್ನೊಂದರಲ್ಲಿ ಲೇಖನಿ ಹಿಡಿದು ಕೂತಿದ್ದೇನೆ. ಕೋಣೆಯಲ್ಲಿ ಚೂರೂ ಸದ್ದಿಲ್ಲ. ಬೀಸಣಿಗೆ ನಿಲ್ಲಿಸಲು ಧೈರ್ಯವಾಗುತ್ತಿಲ್ಲ.

ನಿಮ್ಮ ಮರಿಮಕ್ಕಳ ಮರಿಮಗ,
ನೀಲಕಂಠ
ಪಾಲಕ, ಖಾಲಿ ಸೊಳ್ಳೆಶಾಲೆ