ಮೂರನೇ ತುಕಡಿ ತಿರುಗಿದ ದಿನ

ಫೆಬ್ರವರಿ ಮೂವತ್ತು, ೨೨೧೪
ಕೃಷ್ಣಾ ದಂಡೆ

ನನ್ನ ಮುತ್ತಜ್ಜಿಯ ಮುತ್ತಜ್ಜಿಯ ಕಾಲದವರೇ,

ತಾರೀಖು ನೋಡಿ ತಲೆ ಕೆರೆದುಕೊಳ್ಳಬೇಡಿ. ಮೇ ತಿಂಗಳ ಬಿಸಿಲು ತಾಳಲಾರದೆ ನಮ್ಮ ಹಿರಿಯರು ಅದರಿಂದ ಎರಡು ದಿನ ಕಿತ್ತು ಫೆಬ್ರವರಿಗೆ ಅಂಟಿಸಿದರು. ಬಿಸಿಲೇನೂ ಕಡಿಮೆಯಾಗಲಿಲ್ಲ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರ ಎನಿಸಿದರೆ ಕ್ಷಮಿಸಿ. ನಲವತ್ತು ವರ್ಷ ಹೊಟ್ಟೆಯಲ್ಲಿ ಇಟ್ಟುಕೊಂಡದ್ದನ್ನು ನನ್ನ ಕಾಲದವರಿಗೆ ಹೇಳುವ ಧೈರ್ಯವಿಲ್ಲ, ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ನಮ್ಮಲ್ಲಿ ಬೆಳಗಿನ ಹತ್ತರಿಂದ ಸಂಜೆ ನಾಲ್ಕರವರೆಗೆ ನೆರಳುಹೊತ್ತು. ಆಗ ಎತ್ತು, ಎಮ್ಮೆ, ಮಂತ್ರಿ ಎಲ್ಲರೂ ಸೂರಿನಡಿ ಇರಬೇಕೆಂಬುದು ಕಾನೂನು. ಊಟಕ್ಕೆ ಜೋಳದ ಗಂಜಿ, ಪಾಚಿಯ ಚಟ್ನಿ. ಸ್ನಾನ ವಾರಕ್ಕೊಮ್ಮೆ, ಒದ್ದೆ ಬಟ್ಟೆಯಲ್ಲಿ. ನಾನು ಓದಿದ ಸೈನಿಕ ಕಾಲೇಜಿನಲ್ಲಿ ಪ್ರತಿ ತುಕಡಿಗೂ ಒಬ್ಬ ಕರೆಗಾರ ಇರುತ್ತಿದ್ದ. ಅಂದರೆ, ವಿದ್ಯಾರ್ಥಿಗಳಲ್ಲೇ ಒಬ್ಬರನ್ನು ಆರಿಸಿ, ಉಳಿದವರು ಆ ಒಂದೇ ದನಿಗೆ ಏಳುವಂತೆ, ಉಣ್ಣುವಂತೆ, ನಡೆಯುವಂತೆ ಆರು ತಿಂಗಳು ಪಳಗಿಸುತ್ತಿದ್ದರು. ಕೊನೆಗೆ ಮನಸ್ಸಿಗಿಂತ ಮೊದಲು ಕಾಲೇ ಕೇಳುತ್ತಿತ್ತು. ಮೂರನೇ ತುಕಡಿಯ ಅರವತ್ತೆರಡು ಮಂದಿಗೆ ನಾನು ಕರೆಗಾರ್ತಿ. ಹತ್ತೊಂಬತ್ತರ ವಯಸ್ಸು, ಜಂಬವೋ ಜಂಬ.

ನಮ್ಮ ತುಕಡಿಯ ಫಕೀರಗೌಡ ಒಂದು ದಿನ ಬೂಟಿನ ಲೇಸು ಕಟ್ಟದೆ ಬಂದ. ಶಿಕ್ಷೆಯೆಂದು ನೆರಳುಹೊತ್ತಿನಲ್ಲಿ ಮೈದಾನ ಸುತ್ತಿಸಿದರು. ಏಳನೇ ಸುತ್ತಿಗೆ ಬಿದ್ದವನು ಮತ್ತೆ ಏಳಲಿಲ್ಲ. ಅಧಿಕಾರಿಗಳು ಅವನನ್ನು ನೀರಿನ ಟ್ಯಾಂಕಿನ ಹಿಂದೆ ಹೂಳಿ, ದಾಖಲೆಯಲ್ಲಿ ‘ಪರಾರಿ’ ಎಂದು ಬರೆದರು. ಅವನ ತಾಯಿ ನೀಲಗಂಗವ್ವ ಗೇಟಿಗೆ ಬಂದು, “ನನ್ನ ಮಗ ಓಡಿಹೋಗೋ ಪೈಕಿ ಅಲ್ರೀ. ಓಡಿದ್ರೂ ನನ್ನ ಹತ್ರಾನ ಬರ್ತಿದ್ದ” ಅಂದಳು. ಹುಡುಕಿಕೋ ಹೋಗು ಎಂದು ಕಳಿಸಿದರು.

ಮರುದಿನ ಬೆಳಗ್ಗೆ ಕವಾಯತಿಗೆ ನಿಂತ ನಾವು ಕದಲಲಿಲ್ಲ. ಬೇಡಿಕೆ ಒಂದೇ: ಅವನು ಸತ್ತ ಎಂದು ಬರೆಯಿರಿ, ತಾಯಿಗೆ ತಿಳಿಸಿ. ಬೈದರು, ನೀರು ನಿಲ್ಲಿಸಿದರು, ಹೆಸರು ಹೊಡೆದುಹಾಕಿ ಮನೆಗೆ ಅಟ್ಟುತ್ತೇವೆಂದರು. ಯಾರೂ ಜಗ್ಗಲಿಲ್ಲ. ಆದರೆ ಒಂದು ತಪ್ಪು ಮಾಡಿದ್ದೆವು. ಪ್ರತಿಭಟನೆಗೂ ಸಾಲು ಹಿಡಿದು, ತೋಳಳತೆ ಬಿಟ್ಟು, ಎದೆ ಸೆಟೆಸಿಯೇ ನಿಂತಿದ್ದೆವು. ಬೇರೆ ತರಹ ನಿಲ್ಲುವುದು ನಮಗೆ ಗೊತ್ತೇ ಇರಲಿಲ್ಲ.

ಒಂಬತ್ತೂವರೆಗೆ ಪ್ರಾಂಶುಪಾಲರು ನೇರ ನನ್ನ ಬಳಿ ಬಂದರು. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡಿದರು. “ಹತ್ತು ಗಂಟೆ ಆಗಾಕ ಬಂತವ್ವಾ. ಇನ್ನೂ ನಾಕು ಹೆಣ ಬೀಳಬೇಕೇನು? ನೆರಳಿಗೆ ಕರಿ, ಕುಂತು ಮಾತಾಡೋಣು.” ಹಿಂದಿನ ಸಾಲಿನಲ್ಲಿ ಇಬ್ಬರು ಆಗಲೇ ತೂಗಾಡುತ್ತಿದ್ದರು. ನಾನು ನಂಬಿದೆ. ಯಾರನ್ನೂ ಕೇಳದೆ, “ಎಡಕ್ಕೆ ತಿರುಗಿ! ಮುಂದೆ ನಡೆ!” ಎಂದು ಕೂಗಿದೆ. ಅರವತ್ತೊಂದು ಜೊತೆ ಕಾಲು ಒಮ್ಮೆಲೇ ತಿರುಗಿದವು. ಮುಖಗಳು ಒಪ್ಪಿರಲಿಲ್ಲ. ಬೇಡ ಎಂದು ತಲೆ ಅಲ್ಲಾಡಿಸುತ್ತಲೇ, ಅಳುತ್ತಲೇ, ಹೆಜ್ಜೆ ತಪ್ಪದೆ ನಡೆದರು. ಒಳಗೆ ಹೋದ ಮೇಲೆ ಅಧಿಕಾರಿಗಳು ಬಾಗಿಲು ಹಾಕಿದರು. ಫಕೀರಗೌಡ ಓಡಿಹೋದದ್ದನ್ನು ಕಣ್ಣಾರೆ ಕಂಡೆವೆಂದು ಸಂಜೆಯೊಳಗೆ ಎಲ್ಲರಿಂದ ಸಹಿ ಹಾಕಿಸಿಕೊಂಡರು. ಮೊದಲ ಸಹಿ ನನ್ನದು.

ನಿಮ್ಮಲ್ಲಿ ಯಾರೋ ಒಬ್ಬರು ಇಂಥ ಕಾಲೇಜಿನ ನಿಯಮ ಬರೆಯುವವರಿರುತ್ತೀರಿ. ಕಾಲಿಗೆ ಬೀಳುತ್ತೇನೆ, ಒಂದು ಸಾಲು ಸೇರಿಸಿ: ಅಪ್ಪಣೆ ಕಿವಿಗೆ ಬಿದ್ದವರು ಹೆಜ್ಜೆ ಎತ್ತುವ ಮೊದಲು ಒಂದು ಉಸಿರು ನಿಲ್ಲಬಹುದು. ನಮಗೆ ಅಷ್ಟು ಸಿಕ್ಕಿದ್ದರೆ ಸಾಕಿತ್ತು. ಕೂಗಿದ ನನಗೂ ಸಾಕಿತ್ತು.

ಮರುವರ್ಷ ನೀಲಗಂಗವ್ವ ಮತ್ತೆ ಬಂದಳು. ಊರೂರು ಅಲೆದು ಕಾಲು ಒಡೆದಿದ್ದವು. ಯಾರೋ ಆ ಸಹಿಗಳನ್ನು ಓದಿ ಹೇಳಿದ್ದರಂತೆ. “ನೀ ಕಂಡೀಯಂತಲ್ಲವ್ವಾ, ಯಾವ ಕಡೆ ಹೋದ?” ಎಂದು ಕೇಳಿದಳು. ಪ್ರಾಂಶುಪಾಲರು ಕಿಟಕಿಯಲ್ಲಿ ನಿಂತಿದ್ದರು. ನಾನು ಕೈ ಎತ್ತಿ ಉತ್ತರ ದಿಕ್ಕು ತೋರಿಸಿದೆ. ಆಕೆ ನನ್ನ ಗಲ್ಲ ಸವರಿ, ತಣ್ಣಗಿರು ಮಗಳೇ ಎಂದು ಹರಸಿ, ಅತ್ತ ಕಡೆಗೇ ನಡೆದಳು.

ದ್ಯಾಮವ್ವ ಕರಡಿಗುಡ್ಡ