ಕಂಪ್ಯೂಟರಿಗೆ ಹಾಕಿದ ಉಲ್ಲನ್ ಹೊದಿಕೆ

ಮಾಧವಿ,

ತವರಿನಿಂದ ಬಂದವಳೇ ಮೇಜಿನ ಕೆಳಗೆ ಖಾಲಿಯಿರುವುದನ್ನು ನೋಡಿ ಗಾಬರಿಯಾಗಬೇಡ. ಕಂಪ್ಯೂಟರಿನ ಡಬ್ಬವನ್ನು ಆಟೋದಲ್ಲಿ ಇಟ್ಟುಕೊಂಡು, ರಿಪೇರಿಯ ಮುನಿಕೃಷ್ಣನ ಜೊತೆ ಚಾಮರಾಜಪೇಟೆಯ ಅವನ ಅಂಗಡಿಗೆ ಹೋಗುತ್ತಿದ್ದೇನೆ. ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ.

ನೀನಿಲ್ಲದ ನಾಲ್ಕು ದಿನವೂ ನಾನು ಅದರಲ್ಲಿ ಹರಿಕಥೆ ಕೇಳಲು ಕೂತಾಗಲೆಲ್ಲ ಹ್ಯಾಂಗ್ ಆಗಿ ನಿಂತುಬಿಡುತ್ತಿತ್ತು. ಪ್ರತಿಸಲವೂ ಗೋಡೆಯ ಸ್ವಿಚ್ಚನ್ನೇ ಆರಿಸಿದೆ. ಇಂದು ಬೆಳಿಗ್ಗೆ ಆನ್ ಆಗಲೇ ಇಲ್ಲ. ಮುನಿಕೃಷ್ಣ ಬಂದು ನೋಡಿ, "ಅಮ್ಮಾ, ಈ ಸೆಕೇಲಿ ಇದಕ್ಕೆ ಸ್ವೆಟರ್ ಹಾಕಿದ್ಯಾರು?" ಎಂದು ನಕ್ಕ. ಬಿಚ್ಚಿದರೆ, ನಾನು ಹೆಣೆದ ಹೊದಿಕೆಯ ಎಳೆಗಳು ಒಳಗಿನ ಫ್ಯಾನಿಗೆ ಸುತ್ತಿಕೊಂಡಿದ್ದವು. ಆಮೇಲೆ ಅವನು ನಗಲಿಲ್ಲ. "ಡಿಸ್ಕೇ ಹೋಗಿರೋ ಹಂಗಿದೆ. ಒಳಗಿರೋದು ಸಿಗೋದು ಕಷ್ಟ," ಎಂದ.

ಸೋಮವಾರ ಒಪ್ಪಿಸಬೇಕಾದ ನಿನ್ನ ಥೀಸಿಸ್ ಅದರೊಳಗಿದೆ. ಬೇರೆಲ್ಲಾದರೂ ಕಾಪಿ ಇಟ್ಟಿದ್ದರೆ ತಕ್ಷಣ ಫೋನ್ ಮಾಡು. ಇಟ್ಟಿಲ್ಲವೆಂದೇ ನನ್ನ ಮನಸ್ಸು ಹೇಳುತ್ತಿದೆ.

ಹುಳಿ ಬಿಸಿ ಮಾಡಿಕೊಂಡು ಊಟ ಮಾಡು, ನನಗಾಗಿ ಕಾಯಬೇಡ.

ಮಧ್ಯಾಹ್ನ ನಾನು ಮಲಗಿದಾಗ ನೀನು ಹೊದಿಕೆ ತೆಗೆದು ಕೆಲಸ ಮಾಡಿ, ನಾನು ಏಳುವಷ್ಟರಲ್ಲಿ ಮತ್ತೆ ಹೊದಿಸುತ್ತಿದ್ದೆ ಎಂದು ಈಗ ತಿಳಿಯಿತು. ಅಂಚಿನ ಹೂವು ಕೆಲವು ಸಂಜೆ ಗೋಡೆಯ ಕಡೆ ತಿರುಗಿರುತ್ತಿತ್ತು. ನೋಡಿದ್ದೆ, ಅರ್ಥವಾಗಿರಲಿಲ್ಲ. ಇದು ಬೇಡ ಅತ್ತೆ ಎಂದು ಒಂದು ಮಾತು ಹೇಳಬಾರದಾಗಿತ್ತೇ, ತಾಯಿ?

ಹೊದಿಕೆ ಕಸದ ಬುಟ್ಟಿಯಲ್ಲಿದೆ. ನನಗೆ ನೋವಾಗುತ್ತದೆಂದು ಈ ಸಲವೂ ಅದನ್ನು ಎತ್ತಿ, ಒಗೆದು, ಮಡಿಸಿ ಇಡಬೇಡ.

ಅತ್ತೆ