ಅಕ್ಕ ತಲೆಯಾಡಿಸಿದಾಗ

ಮಾರ್ಚ್ 3, ಸಂಜೆ 6

ಮತ್ತೆ ರಿಹರ್ಸಲ್. ಗಾಯಕಿಗೆ ಎಲ್ಲ ಅಮೆರಿಕನ್ ಹಾಡುಗಳು, ನಡುವೆ ಚೆಲ್ಲೋ ವಾದ್ಯಕ್ಕೆ ಎರಡು ತುಣುಕು. ಅಕ್ಕ ಪಿಯಾನೋ, ನಾನು ಅವಳ ಸ್ವರದ ಪುಸ್ತಕದ ಪುಟ ತಿರುಗಿಸುವವಳು. ಅವಳು ತಲೆಯಾಡಿಸಬೇಕು, ನಾನು ತಿರುಗಿಸಬೇಕು. ಹನ್ನೊಂದು ವರ್ಷದ ಉದ್ಯೋಗ, ಸಂಬಳ ಒಂದು ಕಾಫಿ.

ಇವತ್ತು ಎರಡು ಪುಟ ಒಟ್ಟಿಗೆ ತಿರುಗಿಸಿಬಿಟ್ಟೆ. ಅಕ್ಕ ನುಡಿಸುತ್ತಲೇ ಇದ್ದಳು — ಎದುರಿಗಿಲ್ಲದ ಪುಟವನ್ನು. ಬೈಯಲೂ ಇಲ್ಲ. ಬೈಯದ ಅಕ್ಕನನ್ನು ನಾನು ಕಂಡೇ ಇಲ್ಲ.

ಮಾರ್ಚ್ 4

ನಿದ್ದೆಯಿಲ್ಲ. ಪರೀಕ್ಷೆ ಮಾಡಿದೆ, ಪಾಪಿ ನಾನು. ಪುಸ್ತಕವನ್ನು ತಲೆಕೆಳಗಾಗಿ ಇಟ್ಟೆ. ನುಡಿಸಿದಳು. ಸರಿಯಾದ ಜಾಗದಲ್ಲಿ ತಲೆಯನ್ನೂ ಆಡಿಸಿದಳು.

"ಎಷ್ಟು ದಿನದಿಂದ, ಅಕ್ಕಾ?"

ಕೈ ನಿಂತಿತು. "ಹೋದ ಬೇಸಿಗೆಯಿಂದ. ಸ್ವರ ಎಲ್ಲ ಇರುವೆ ಹಾಗೆ ಹರಿದಾಡತ್ತೆ. ಅಷ್ಟೇ, ಬೇರೆ ಎಲ್ಲ ಕಾಣತ್ತೆ. ಕಾರ್ಯಕ್ರಮ ಮುಗೀಲಿ, ಡಾಕ್ಟರ್ ಹತ್ರ ಬರ್ತೀನಿ."

"ಈಗ್ಲೇ ಹೋದ್ರೆ ಕಣ್ಣು ಉಳಿಯಬಹುದು."

"ಈಗ ಹೋದ್ರೆ ಪಿಯಾನೋ ಮುಂದೆ ಇನ್ಯಾರೋ ಕೂತಿರ್ತಾರೆ ಕಣೇ. ಯಾರ ಹತ್ರಾನಾದ್ರೂ ಬಾಯ್ಬಿಟ್ಟೆಯೋ, ನೋಡು!"

ಮಾರ್ಚ್ 9

ನಾಲ್ಕು ದಿನ ಬರೆಯಲಿಲ್ಲ. ಸಿಟ್ಟು. ಗಾಯಕಿ ಕೊನೆಗೊಂದು ಹೊಸ ಹಾಡು ಸೇರಿಸಿದ್ದಾರೆ. ಅಕ್ಕ ತಣ್ಣಗೆ "ಆಗ್ಲಿ ಬಿಡಿ" ಎಂದಳು. ಭಂಡಿ! ಈಗ ದಿನವೂ ನಾನು ಸ್ವರ ಓದಿ ಹೇಳಬೇಕು, ಎಡಗೈ, ಬಲಗೈ. ಊಟ ಮಾಡುವಾಗಲೂ ಮೇಜಿನ ಮೇಲೆ ಅವಳ ಬೆರಳು. ಹೊಸ ಚಪ್ಪಲಿ ಜಾರುತ್ತದಂತೆ, ನನ್ನ ತೋಳು ಬಿಡುವುದಿಲ್ಲ. ಹೇಳಿಬಿಡಲೇ? ಬೇಡ... ನಾನೂ ಕಳ್ಳರ ಕೂಟ ಸೇರಿಯಾಯಿತು.

ಮಾರ್ಚ್ 12, ಗ್ರೀನ್ ರೂಮು

ಕಾರ್ಯಕ್ರಮ ಮುಗಿಯಿತು. ಸಭಾಂಗಣವೆಲ್ಲ ಕತ್ತಲೆ, ವೇದಿಕೆಯಲ್ಲಿ ಪುಸ್ತಕಗಳ ಮೇಲೆ ಮೂರು ಪುಟ್ಟ ದೀಪ ಮಾತ್ರ. ಹೊಸ ಹಾಡಿನ ನಡುವೆ ಮೂರೂ ಪಟ್ಟನೆ ಆರಿದವು. ಚೆಲ್ಲೋ ನಿಂತಿತು. ಗಾಯಕಿಯ ದನಿ ಅಲುಗಿತು. ಅಕ್ಕ ನಿಲ್ಲಲಿಲ್ಲ. ಆ ಪಿಯಾನೋ ನಾದದ ಜಾಡು ಹಿಡಿದು ಗಾಯಕಿ ಹಾಡು ಮುಗಿಸಿದರು. ಕೊನೆಗೆ ದೀಪ ಬಂತು, ಚಪ್ಪಾಳೆಯೋ ಚಪ್ಪಾಳೆ. ನಾನು ಅತ್ತೆ, ನಾಚಿಕೆಯಿಲ್ಲದೆ.

ಚೆಲ್ಲೋದವರು ಇಲ್ಲಿಗೇ ಬಂದು ಅಕ್ಕನ ಕೈ ಕುಲುಕಿದರು. "ಕತ್ತಲಲ್ಲೂ ಒಂದು ಸ್ವರ ತಪ್ಪಲಿಲ್ವಲ್ರೀ!"

ಅಕ್ಕ ನಕ್ಕಳು. ಅವರು ಹೋದ ಮೇಲೆ ನನ್ನ ತೋಳು ತಡಕಿ, ಮೆಲ್ಲಗೆ ಕೇಳಿದಳು.

"ಲೈಟು ಹೋಗಿತ್ತೇನೇ?"

ನಾಳೆ ಬೆಳಗ್ಗೆ ಒಂಬತ್ತಕ್ಕೇ ಡಾಕ್ಟರ್. ಎಳೆದುಕೊಂಡಾದರೂ ಹೋಗುತ್ತೇನೆ. ಕರೆಯುತ್ತಿದ್ದಾಳೆ. ಕೋಟು ಅವಳ ಎದುರಿಗೇ ನೇತಾಡುತ್ತಿದೆ, ಎಲ್ಲಿದೆ ಅಂತ—